ನನ್ನ ಕಾದಂಬರಿಯನ್ನು ಓದಿಬಿಟ್ಟ ಇರಕಲ್ಲಗಡದವರ ಮೇಲೆ ಒಂದು ದೂರು

ಮಾನ್ಯ ಮುಬಾಶಿರಾ ಅವರಿಗೆ,
ಸಂಚಾಲಕರು, ಭಾನುವಾರದ ಚಹಾ ಬಳಗ, ಹಾಗೂ ಮಾಲೀಕರು, ಹೊಲಿಗೆ ಅಂಗಡಿ, ಇರಕಲ್ಲಗಡ.

ವಿಷಯ: ಲೇಖಕನ ಪೂರ್ವಾನುಮತಿ ಪಡೆಯದೆ ಅವನ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಕತ್ತರಿಗೂ, ತಮ್ಮ ಅಂಗಡಿಯ ಮುಂದಿನ ತಗಡಿನ ಚಪ್ಪರದ ಕೆಳಗೆ ಜಮಖಾನೆ ಹಾಸಿಕೊಂಡು ಕೂಡುವ ಸಮಸ್ತ ಓದುಗ ಮಹಾಶಯರಿಗೂ ಕುಷ್ಟಗಿಯಿಂದ ಗೋವಿಂದರಾಜನ ಶಿರಬಾಗಿದ ನಮಸ್ಕಾರಗಳು. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯ ಟಪಾಲು ಮೇಜಿನ ಹಿಂದೆ ಕುಳಿತು, ಸಾರ್ವಜನಿಕರ ದೂರುಗಳನ್ನು ನಗುಮೊಗದಿಂದ ಸ್ವೀಕರಿಸಿ, ಮೊಹರು ಒತ್ತಿ, ಪಕ್ಕದ ಮೇಜಿಗೆ ಸರಿಸುತ್ತ ಬಂದವನು ನಾನು. ನಾನೇ ಒಂದು ದೂರು ಬರೆಯುತ್ತಿರುವುದು ಇದೇ ಮೊದಲು. ಧಾಟಿಯಲ್ಲಿ ಏನಾದರೂ ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕು ಎಂದು ಬರೆಯುವುದು ವಾಡಿಕೆ. ತಮ್ಮ ಬಳಗದ ವಿಷಯದಲ್ಲಿ ಆ ವಾಕ್ಯ ಬರೆಯುವ ಅಗತ್ಯವೇ ಇಲ್ಲವೆಂದು ಅನುಭವದಿಂದ ಬಲ್ಲೆ.

ನನ್ನ 'ಆಚೆ ದಂಡೆಯ ಅಕ್ಕ' ಕಾದಂಬರಿ ಹೊರಬಂದು ಎರಡು ವರ್ಷವಾಯಿತು. ಈ ಅವಧಿಯಲ್ಲಿ ನನಗೆ ಆರು ಸನ್ಮಾನಗಳಾಗಿವೆ, ಮತ್ತು ಆ ಆರೂ ಕಡೆ ಲೇಖಕನಿಗೂ ಓದುಗನಿಗೂ ನಡುವೆ ಇರಬೇಕಾದ ಸೌಹಾರ್ದ ಸ್ವಲ್ಪವೂ ಕೆಟ್ಟಿರಲಿಲ್ಲ: ಅವರು ಓದಿರಲಿಲ್ಲ, ಓದಿದ್ದೀರಾ ಎಂದು ನಾನು ಕೇಳಿರಲಿಲ್ಲ. ಗಂಗಾವತಿಯಲ್ಲಿ ನನ್ನನ್ನು ಪರಿಚಯಿಸಿದ ಮಹನೀಯರು ಅದೊಂದು ಅಪರೂಪದ ಕವನ ಸಂಕಲನವೆಂದು ಹೊಗಳಿದರು. ಕೊಪ್ಪಳದ ಸಭೆಯ ಅಧ್ಯಕ್ಷರು ಶೀರ್ಷಿಕೆಯ ದಂಡೆಯನ್ನು ದಂಡವೆಂದು ಓದಿಕೊಂಡು, ಶಿರಸ್ತ್ರಾಣವಿಲ್ಲದೆ ವಾಹನ ಓಡಿಸುವವರ ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ನಾನು ಎಲ್ಲ ಕಡೆಯೂ ಶಾಲು ಹೊದ್ದುಕೊಂಡು, ಹಾರ ತೆಗೆದು ಕುರ್ಚಿಯ ತೋಳಿಗೆ ಹಾಕಿ, ಸಾಹಿತ್ಯದ ಭವಿಷ್ಯ ಉಜ್ವಲವಾಗಿದೆ ಎಂದು ಹೇಳಿ ಮನೆಗೆ ಬರುತ್ತಿದ್ದೆ. ಯಾರಿಗೂ ತೊಂದರೆ ಇರಲಿಲ್ಲ.

ಇಂಥ ಸುಖದಲ್ಲಿದ್ದಾಗ ತಮ್ಮ ದೂರವಾಣಿ ಕರೆ ಬಂತು. "ಸರ್, ನಿಮ್ಮ ಪುಸ್ತಕ ಓದೀವ್ರಿ. ಬರೋ ಐತವಾರ ನಮ್ಮೂರಿಗೆ ಚಹಾಕ್ಕ ಬರ್ರಿ. ಶಾಲು ಗೀಲು ಇಲ್ರಿ, ಚಹಾ ಮಾತ್ರ ಛಲೋ ಮಾಡ್ತೀವಿ" ಎಂದಿರಿ. 'ಓದೀವ್ರಿ' ಎಂಬ ಮಾತನ್ನು ನಾನು ಸಭ್ಯತೆಯ ಮಾತೆಂದು ತಿಳಿದೆ. ಅದನ್ನು ತಾವು ಅಕ್ಷರಶಃ ಅರ್ಥದಲ್ಲಿ ಬಳಸಿದ್ದಿರಿ ಎಂಬುದನ್ನು ಆಗಲೇ ಸ್ಪಷ್ಟಪಡಿಸಿದ್ದರೆ, ಅದೇ ದಿನ ನನಗೆ ವಿಪರೀತ ಜ್ವರ ಬರುವ ಸಾಧ್ಯತೆ ಇತ್ತೆಂಬುದನ್ನು ವಿನಯಪೂರ್ವಕವಾಗಿ ದಾಖಲಿಸುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಇಸ್ತ್ರಿಯ ಅಂಗಿ ತೊಟ್ಟು, ಹನ್ನೆರಡು ಹಾಳೆಯ ಭಾಷಣ ಜೇಬಿನಲ್ಲಿಟ್ಟುಕೊಂಡು ನಾನು ಬಂದಿಳಿದಾಗ, ತಮ್ಮ ಚಪ್ಪರದ ಕೆಳಗೆ ಮೂವತ್ತು ಜನ ಕೂತಿದ್ದರು. ಕುರ್ಚಿ ಒಂದೇ ಇತ್ತು, ಅದು ನನಗೆ. ಹೊಲಿಗೆ ಯಂತ್ರದ ಹಿಂದೆ ತಾವು ನ್ಯಾಯಾಧೀಶರಂತೆ ವಿರಾಜಮಾನರಾಗಿದ್ದಿರಿ. ತಮ್ಮ ತಾಯಿ ಹುಸೇನಬೀ ಅವರು ಹಸಿಶುಂಠಿ ಜಜ್ಜಿ ಹಾಕಿದ ಚಹಾವನ್ನು ದೊಡ್ಡ ಕಪ್ಪಿನಲ್ಲಿ ಕೊಟ್ಟು, "ಮೊದಲ ಕುಡೀರಿ ಸಾಹೇಬ್ರ, ಮುಂದ ಗಂಟಲ ಒಣಗತೈತಿ" ಎಂದರು. ಇಷ್ಟು ನೇರವಾದ ಮುನ್ನೆಚ್ಚರಿಕೆಯನ್ನು ಉಪಚಾರವೆಂದು ಭಾವಿಸಿ ಮಂಡಕ್ಕಿ ಒಗ್ಗರಣೆಗೆ ಕೈಹಾಕಿದ ನನ್ನ ದಡ್ಡತನಕ್ಕೆ ತಮ್ಮನ್ನು ಹೊಣೆ ಮಾಡುವುದಿಲ್ಲ.

ಭಾಷಣಕ್ಕೆಂದು ನಾನು ಎದ್ದೆ. "ಅದು ಆಮ್ಯಾಲ ಇಟ್ಟಕೋರಿ. ಮೊದಲ ನಾವು ಕೇಳೂದು ಐತಿ" ಎಂದು ತಾವು ಕೈಸನ್ನೆ ಮಾಡಿ ಕೂರಿಸಿದಿರಿ. ಆಮೇಲೆ ನಡೆದದ್ದನ್ನು ಯಾವ ಲೇಖಕನೂ ನೋಡಬಾರದು. ಜಮಖಾನೆಯ ಏಳು ಮೂಲೆಗಳಿಂದ ಏಳು ಪುಟ್ಟ ಪುಸ್ತಕಗಳು ಮೇಲೆದ್ದವು: ಒಂದಕ್ಕೆ ಹಸಿರು ಪಾಪಲಿನ್ ಬಟ್ಟೆಯ ರಟ್ಟು, ಇನ್ನೊಂದಕ್ಕೆ ಶಾಲೆಯ ಸಮವಸ್ತ್ರದ ನೀಲಿ, ಮತ್ತೊಂದಕ್ಕೆ ಯಾರದೋ ಮದುವೆಯ ರವಿಕೆಯಲ್ಲಿ ಮಿಕ್ಕ ಜರಿಯ ತುಂಡು. ಇವು ಯಾವ ಲೇಖಕರ ಪುಸ್ತಕಗಳು ಎಂದು ಕೇಳಿದೆ. "ನಿಮ್ಮದರಿ. ಇದ್ದದ್ದು ಒಂದ ಪುಸ್ತಕ. ಒಬ್ಬೊಬ್ರು ತಿಂಗಳಗಟ್ಲೆ ಇಟಗೊಂಡ್ರ ಊರೆಲ್ಲ ಓದೂದು ಯಾವಾಗ? ಅದಕ್ಕ ಏಳು ಪಾಲು ಕತ್ತರಿಸಿ ಹೊಲದೆ. ಇವತ್ತ ಒಂದು ಪಾಲು, ಮುಗದ ಮ್ಯಾಲ ಬದಲಿ" ಎಂದು ತಾವು ಲಂಗದ ಅಳತೆ ಹೇಳುವಷ್ಟೇ ಸಹಜವಾಗಿ ಹೇಳಿದಿರಿ. ನನ್ನ ನಾಯಕಿ ಮಹೇಶ್ವರಿಯ ಜೀವನ ಹೀಗೆ ಮನೆಮನೆಗೆ ಬಿಡಿಬಿಡಿಯಾಗಿ ಹಂಚಿಹೋಗಿ, ರೊಟ್ಟಿಯ ಹಿಟ್ಟಿನ ಕೈಗಳಲ್ಲಿ ತಿಂಗಳುಗಟ್ಟಲೆ ಓಡಾಡಿತ್ತು. ಐದನೆಯ ಪಾಲನ್ನು ಮೊದಲು ಓದಿದವರು ಅವಳಿಗೆ ಶಾಲೆಗೆ ಹೋಗುವ ಮಗುವಿದೆಯೆಂದು ವಾದಿಸುತ್ತಿದ್ದರು. ಎರಡನೆಯ ಪಾಲಿನವರು ಅವಳಿಗಿನ್ನೂ ಮದುವೆಯೇ ಆಗಿಲ್ಲವೆಂದು ಬೇಸರದಲ್ಲಿದ್ದರು.

ಮೊದಲ ಪ್ರಶ್ನೆ ಎಮ್ಮೆಯದು. ಎರಡು ಎಮ್ಮೆ ಸಾಕಿ ಮೂವರು ಹೆಣ್ಣುಮಕ್ಕಳನ್ನು ಓದಿಸಿದ ಫಕೀರಮ್ಮನವರು ಎದ್ದು ನಿಂತು, ಮೊದಲ ಪಾಲಿನಲ್ಲಿ ಶ್ರಾವಣಕ್ಕೆ ಈದ ಎಮ್ಮೆ ಎರಡನೆಯ ಪಾಲಿನಲ್ಲಿ ದೀಪಾವಳಿಗೆ ಮತ್ತೆ ಹೇಗೆ ಈದಿತೆಂದು ಕೇಳಿದರು. "ಹತ್ತ ತಿಂಗಳ ಹೊರಬೇಕ್ರಿ ಅದು. ನಿಮ್ಮ ಎಮ್ಮಿ ಮೂರ ತಿಂಗಳಿಗೆ ಈದೈತಿ. ಅಂಥಾ ತಳಿ ಎಲ್ಲೈತಿ ಹೇಳ್ರಿ, ನಾನೂ ಒಂದು ಹಿಡಕೊಂಡು ಬರ್ತೀನಿ." ನಾನು ಗಂಟಲು ಸರಿಮಾಡಿಕೊಂಡು, ಆ ಎಮ್ಮೆ ಸಾಂಕೇತಿಕವಾದದ್ದು ಎಂದೆ. "ಸಾಂಕೇತಿಕ ಎಮ್ಮಿ ಹಾಲು ಕೊಡತೈತೇನ್ರಿ?" ಎಂದು ಅವರು ಕೇಳಿದರು. ಮೂವತ್ತು ಜನ ಒಟ್ಟಿಗೆ ನಕ್ಕ ಸದ್ದಿಗೆ ತಗಡು ನಡುಗಿತು. ಕೊಡುತ್ತದೆ ಎಂದು ಮೂವತ್ತೊಂಬತ್ತನೆಯ ಪುಟದಲ್ಲಿ ನಾನೇ ಬರೆದಿದ್ದೆನಂತೆ. ಅದನ್ನೂ ಓದಿ ತೋರಿಸಿದರು.

ಎಮ್ಮೆಯ ಅವಮಾನವನ್ನು ನಾನು ನುಂಗಿಕೊಂಡೆ, ಮಾನ್ಯರೇ. ನನ್ನ ನಿಜವಾದ ತಕರಾರು ಹನುಮಣ್ಣನವರ ಮೇಲೆ. ರಸ್ತೆ ಗ್ಯಾಂಗಿನಲ್ಲಿ ಮೂವತ್ತು ವರ್ಷ ದುಡಿದು ಮನೆಯಲ್ಲಿರುವ ಆ ಹಿರಿಯರು ಜರಿಯ ರಟ್ಟಿನ ನಾಲ್ಕನೆಯ ಪಾಲನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರ ನಗು ಇಳಿಯುವವರೆಗೆ ಸುಮ್ಮನೆ ಕಾದಿದ್ದರು. ನೂರಾ ಹದಿನೆಂಟನೆಯ ಪುಟ, ಎಂದರು. ಅದು ನನ್ನ ಕಾದಂಬರಿಯ ಕಿರೀಟ. ಗಂಡನ ಮನೆಯಲ್ಲಿ ಹಿಂಸೆ ತಾಳಲಾರದೆ ಮಹೇಶ್ವರಿ 'ಬಂದು ಕರೆದುಕೊಂಡು ಹೋಗು' ಎಂದು ತಮ್ಮನಿಗೆ ಹೇಳಿಕಳಿಸುತ್ತಾಳೆ. ಆ ತಮ್ಮ ಸುರಿಯುವ ಮಳೆಯಲ್ಲಿ ಸೈಕಲ್ಲು ತುಳಿದು, ತುಂಬಿದ ಹಳ್ಳ ದಾಟಿ ಬಂದು, ಅಕ್ಕನನ್ನೂ ಕೂಸನ್ನೂ ಹಿಂದೆ ಕೂರಿಸಿಕೊಂಡು ಹೋಗುತ್ತಾನೆ. ಬರೆಯುವಾಗ ನಾನೇ ಎರಡು ಸಲ ಅತ್ತಿದ್ದೆ.

"ಊರ ಹೆಸರ ಬದಲಿ ಮಾಡೀರಿ, ಮಾಡ್ರಿ ಅಡ್ಡಿ ಇಲ್ಲ. ಆದ್ರ ಎರಡು ಹುಣಸಿ ಗಿಡ, ನಡುವ ಹನುಮಪ್ಪನ ಕಟ್ಟಿ, ಅಲ್ಲೆ ಹಳ್ಳ ಎಡಕ್ಕ ತಿರಗತೈತಿ ಅಂತ ಬರದೀರಿ. ಆ ಹಳ್ಳ ನನಗ ಗೊತ್ತೈತ್ರಿ. ಅದಕ್ಕ ಪೂಲು, ಅಂದ್ರ ಸೇತುವಿ, ಕಟ್ಟೂ ಮುಂದ ನಾ ಕಲ್ಲ ಹೊತ್ತೀನಿ. ನಿಮ್ಮ ಕತಿ ನಡದದ್ದು ಪೂಲು ಆಗೂದಕ್ಕಿಂತ ಐದ ವರ್ಸ ಮೊದಲ. ಹಳ್ಳ ತುಂಬಿತ್ತು ಅಂತನೂ ನೀವ ಹೇಳ್ತೀರಿ. ಮತ್ತ ಸೈಕಲ್ ಮ್ಯಾಲ ತಮ್ಮ ಹೆಂಗ ಬಂದಾ?" ಎಂದು ಹನುಮಣ್ಣ ಬಹಳ ಮೆತ್ತಗೆ, ನನಗೆ ಸಹಾಯ ಮಾಡುವವರ ಹಾಗೆ ಕೇಳಿದರು.

ಕಾದಂಬರಿಯಲ್ಲಿ ಕಲ್ಪನೆಗೆ ಅವಕಾಶವಿದೆ ಎಂದು ನಾನು ಉತ್ತರಿಸಿದೆ. ಫಕೀರಮ್ಮ ಸ್ವಲ್ಪ ಯೋಚಿಸಿ, "ಹಂಗಾದ್ರ ತಮ್ಮ ಬಂದದ್ದ ಸುಳ್ಳು ಅಂದಂಗಾತು" ಎಂದರು. ಯಾರೂ ನಗಲಿಲ್ಲ. ತಾವು ಹೊಲಿಗೆ ಯಂತ್ರದ ಮೇಲೆ ಎರಡೂ ಕೈಯೂರಿ, "ಆ ತಮ್ಮ ಯಾರ್ರಿ, ಸರ್?" ಎಂದು ಕೇಳಿದಿರಿ. ಕಾಲ್ಪನಿಕ ಪಾತ್ರ ಎನ್ನಲು ಬಾಯಿ ತೆರೆದಿದ್ದೆ. ಆದರೆ ಮೂವತ್ತು ಜನ ಓದಿಕೊಂಡು ಬಂದು ಎದುರಿಗೆ ಕೂತಾಗ ಬಾಯಿ ಲೇಖಕನ ಮಾತು ಕೇಳುವುದಿಲ್ಲವೆಂದು ಆ ದಿನ ಗೊತ್ತಾಯಿತು. "ನಾನೇ" ಎಂದುಬಿಟ್ಟೆ.

ಮೂವತ್ತಾರು ವರ್ಷದ ಹಿಂದೆ ನನ್ನ ಅಕ್ಕ ವಿರೂಪಾಕ್ಷಮ್ಮ ಬಳೆಗಾರನ ಕೈಯಲ್ಲಿ ಹೇಳಿಕಳಿಸಿದ್ದಳು. ನಾನು ಹೋಗಲಿಲ್ಲ. ಮೂರು ದಿನದ ಮೇಲೆ ಅವಳೇ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು, ಹಳ್ಳ ದಾಟಿ, ನಡೆದು ಬಂದಳು. ಇಷ್ಟನ್ನು ಹೇಳಿ, ಯಾಕೆ ಹೋಗಲಿಲ್ಲವೆಂದು ಯಾರಾದರೂ ಕೇಳುವ ಮೊದಲೇ, "ಹಳ್ಳ ತುಂಬಿತ್ತು" ಎಂದು ಸೇರಿಸಿದೆ. ತಮ್ಮ ಬಳಗ ಎಷ್ಟು ಕರುಣಾಮಯಿ! ಹುಸೇನಬೀ ಲೊಚಗುಟ್ಟಿ ನನ್ನ ಕಪ್ಪಿಗೆ ಮತ್ತೆ ಚಹಾ ಸುರಿದರು. ಹನುಮಣ್ಣನವರಂತೂ ನನ್ನ ಪರವಾಗಿ ಸಾಕ್ಷಿಯನ್ನೇ ನುಡಿದರು: "ಆ ಹಳ್ಳ ತುಂಬಿದ್ರ ಗಾಡಿ ಸಮೇತ ಎತ್ತು ಒಯ್ತಿತ್ರಿ. ಇವರದೇನ ತಪ್ಪಿಲ್ಲ. ಆದ್ರ ಅಕ್ಕ ನಡಕೊಂಡು ಬಂದದ್ದು ಬರೀಬೇಕಿತ್ತು ನೋಡ್ರಿ, ಅದು ಇದಕ್ಕಿಂತ ಭಾಳ ಛಲೋ ಐತಿ." ಚಹಾಕೂಟ ಅಲ್ಲಿಗೇ ಮುಗಿದಿದ್ದರೆ, ನಾನು ಇಂದು ತಮಗೆ ಧನ್ಯವಾದ ಪತ್ರ ಬರೆಯುತ್ತಿದ್ದೆ.

ಆದರೆ ಫಕೀರಮ್ಮನವರು ಕೊನೆಯ ಗುಟುಕು ಕುಡಿದು, "ಅಕ್ಕ ಈ ಪುಸ್ತಕ ಓದ್ಯಾಳೇನ್ರಿ?" ಎಂದರು. ಇಲ್ಲ ಎಂದೆ. ಸತ್ತಿದ್ದಾಳೆಯೇ ಎಂದು ಕೇಳಿದರು. ಯಲಬುರ್ಗಾದಲ್ಲಿ ಇದ್ದಾಳೆ, ಅಂಗನವಾಡಿ ಸಹಾಯಕಿಯಾಗಿ ನಿವೃತ್ತಳಾಗಿದ್ದಾಳೆ, ಓದು ಬರಹ ಬಲ್ಲಳು, ಆದರೆ ನಾನು ಪುಸ್ತಕ ಕೊಟ್ಟಿಲ್ಲ ಎಂದೆ. ಆಗ ತಾವು ಹಸಿರು ಪಾಪಲಿನ್ನಿನ ಮೊದಲ ಪಾಲನ್ನು ತೆರೆದು, ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿದ್ದ 'ಅಕ್ಕನಿಗೆ, ಅರ್ಪಣೆ' ಎಂಬುದನ್ನು ಎಲ್ಲರಿಗೂ ಕೇಳುವಂತೆ ಓದಿದಿರಿ. "ಅರ್ಪಣಾ ಮಾಡೀರಿ, ಒಪ್ಪಿಸೇ ಇಲ್ಲಲ್ರಿ!" ಎಂದಿರಿ. ಆಮೇಲೆ ನಡೆದದ್ದು ಪ್ರಜಾಪ್ರಭುತ್ವ. ಮುಂದಿನ ಭಾನುವಾರ ನಾನು ಯಲಬುರ್ಗಾಕ್ಕೆ ಹೋಗಿ ಪುಸ್ತಕ ಒಪ್ಪಿಸತಕ್ಕದ್ದೆಂದೂ, ತಾವೂ ಫಕೀರಮ್ಮನವರೂ ಜೊತೆಗೆ ಬರತಕ್ಕದ್ದೆಂದೂ ಕೈಯೆತ್ತಿ ತೀರ್ಮಾನಿಸಲಾಯಿತು. ವಿರೋಧಕ್ಕೆ ಎದ್ದ ಕೈ ಒಂದೇ, ಅದರಲ್ಲಿ ಚಹಾದ ಕಪ್ಪಿತ್ತಾದ್ದರಿಂದ ಎಣಿಸಲಿಲ್ಲ. ತಾವು ಅಲ್ಲಿಯೇ ದಬ್ಬಣ ಹಿಡಿದು ಏಳೂ ಪಾಲುಗಳನ್ನು ಮತ್ತೆ ಒಂದು ಮಾಡಿ ಹೊಲಿದು, ನನ್ನ ಕೈಗೆ ಕೊಡದೆ, ತಮ್ಮ ಚೀಲಕ್ಕೆ ಹಾಕಿಕೊಂಡಿರಿ. ನನ್ನ ಮೇಲಿನ ತಮ್ಮ ವಿಶ್ವಾಸಕ್ಕೆ ಚಿರಋಣಿ.

ಯಲಬುರ್ಗಾದಲ್ಲಿ ನಡೆದದ್ದಕ್ಕೆ ತಾವೇ ಸಾಕ್ಷಿ. ಆದರೂ ದೂರು ಪೂರ್ಣವಾಗಿರಬೇಕೆಂಬುದು ಕಚೇರಿಯ ನಿಯಮ. ಅಕ್ಕ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಹೆಸರುಕಾಳು ಹಸನು ಮಾಡುತ್ತಿದ್ದಳು. ಇಬ್ಬರು ಅಪರಿಚಿತ ಹೆಂಗಸರ ನಡುವೆ ತಲೆ ತಗ್ಗಿಸಿ ಬಂದ ನನ್ನನ್ನು ನೋಡಿ, "ಏನೋ, ಪೊಲೀಸರು ಹಿಡಕೊಂಡು ಬಂದಂಗ ಬಂದೀಯಲ್ಲ?" ಎಂದಳು. ಎಷ್ಟು ಸರಿಯಾದ ಊಹೆ! ತಾವು ಪರಿಚಯ ಹೇಳಿ, ಅವಳ ಪಕ್ಕ ಕುಳಿತು, ನೂರಾ ಹದಿನೆಂಟನೆಯ ಪುಟ ತೆಗೆದು ಓದಲು ಶುರುಮಾಡಿದಿರಿ. ಸೈಕಲ್ಲಿನ ಹತ್ತಿರ ಬರುವಷ್ಟರಲ್ಲಿ ಅಕ್ಕನ ಮೊರ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾನು ಕರವಸ್ತ್ರ ತೆಗೆದೆ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಕಾಳು ಅಂಗಳಕ್ಕೆ ಚೆಲ್ಲುವಷ್ಟು ನಗುತ್ತಿದ್ದಳು.

"ಸೈಕಲ್ಲಾ? ಇಂವಾ? ನೌಕರಿ ಹತ್ತಿದ ಮ್ಯಾಲ ಸೈಕಲ್ ಕಲತಾನವಾ ಇಂವ! ಅದೂ ಮೂರ ಸಲ ಬಿದ್ದು!"

ಫಕೀರಮ್ಮನವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ನನ್ನಲ್ಲಿ ಪ್ರತಿಭೆಯಿಲ್ಲ. ಆದರೂ ಆ ಕರುಣಾಮಯಿ ನನ್ನ ನೆರವಿಗೇ ಬಂದರು: "ಹೋಗಲಿ ಬಿಡವಾ, ಹಳ್ಳ ತುಂಬಿತ್ತಂತ. ಬರಾಕ ಆಗಿಲ್ಲ ಪಾಪ."

ಅಕ್ಕನ ನಗು ನಿಂತಿತು. ಮೊರದ ಮೇಲಿನ ಕೈಯೂ ನಿಂತಿತು. ನನ್ನ ಕಡೆ ತಿರುಗಲಿಲ್ಲ. ತಮ್ಮಿಬ್ಬರಿಗೆ ಹೇಳುವಂತೆ ಹೇಳಿದಳು: "ಮೊಣಕಾಲ ಮಟ ಇತ್ತು ನೀರು. ನಾ ಕೂಸಿನ್ನ ಬಗಲಾಗ ಇಟಗೊಂಡು ದಾಟೀನಿ. ಸೀರಿ ಅಂಚು ತೊಯ್ತು, ಅಷ್ಟ."

ಮಾನ್ಯರೇ, ಮೂವತ್ತಾರು ವರ್ಷ ನಾನು ಆ ಹಳ್ಳವನ್ನು ತುಂಬಿಸುತ್ತ ಬಂದಿದ್ದೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ನೀರು ಬಿಟ್ಟು, ಕಡೆಗೆ ಕಾದಂಬರಿಯಲ್ಲಿ ಎತ್ತು ತೇಲುವಷ್ಟು ಮಾಡಿದ್ದೆ. ಅದು ಒಂದೇ ಮಾತಿಗೆ ಬತ್ತಿಹೋಯಿತು. ಆಗ ನಾನು ನಿಜ ಹೇಳಿದೆ. ಬಳೆಗಾರ ಬಂದ ಮರುದಿನ ಕೊಪ್ಪಳದಲ್ಲಿ ನನ್ನ ಬೆರಳಚ್ಚು ಪರೀಕ್ಷೆ ಇತ್ತು. ಪರೀಕ್ಷೆ ಮುಗಿದ ಮೇಲೆ ಎರಡು ದಿನ ಉಳಿದಿದ್ದವು. ಹೋಗಬಹುದಿತ್ತು. ಅವಳು ಬಂದುಬಿಟ್ಟರೆ ಅವಳನ್ನೂ ಕೂಸನ್ನೂ ಸಾಕುವ ಭಾರ ನನ್ನ ಮೇಲೆ ಬೀಳುತ್ತದೆ, ಹೇಗೋ ಹೊಂದಿಕೊಂಡು ಅಲ್ಲೇ ಇದ್ದಾಳು ಎಂದು ಕೂತಲ್ಲೇ ಕೂತೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಿಕ್ಕ ಮೇಜಿನ ಹಿಂದೆಯೇ ಮೂವತ್ತೈದು ವರ್ಷ ಜನರ ದೂರು ಸ್ವೀಕರಿಸಿದ್ದೇನೆ. ಬಂದ ಮೊದಲನೆಯ ದೂರನ್ನು ಮಾತ್ರ ಸ್ವೀಕರಿಸಿರಲಿಲ್ಲ.

"ತಪ್ಪಾತು ಅಕ್ಕ" ಎಂದೆ. ಈ ಎರಡು ಶಬ್ದ ಬರೆಯಲು ನನಗೆ ಇನ್ನೂರ ಹತ್ತು ಪುಟ ಬೇಕಾಗಿದ್ದವು, ಅಲ್ಲಿಯೂ ಬರೆದಿರಲಿಲ್ಲ.

ಅಕ್ಕ ಚೆಲ್ಲಿದ ಕಾಳನ್ನು ಒಂದೊಂದಾಗಿ ಆಯ್ದು ಮೊರಕ್ಕೆ ಹಾಕಿದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು: "ಮೂರ ದಿನ ಇವನ ದಾರಿ ನೋಡಿದೆ. ನಾಕನೇ ದಿನ ನೋಡೂದ ಬಿಟ್ಟು ಎದ್ದು ನಡದೆ. ಹಳ್ಳ ದಾಟಿ ಈಚಿ ದಂಡಿಗೆ ಹುಣಸಿ ಗಿಡದ ಬುಡಕ್ಕ ಕುಂತು, ಸೀರಿ ಹಿಂಡಕೊಂಡು, ಸೆರಗಿನ್ಯಾಗ ಕಟಗೊಂಡು ಬಂದಿದ್ದ ರೊಟ್ಟಿ ಬಿಚ್ಚಿದೆ. ಎಷ್ಟ ತಿಂತಿ ಅಂತ ಯಾರೂ ಮಾರಿ ನೋಡ್ತಿರಲಿಲ್ಲ. ಎರಡು ರೊಟ್ಟಿ ಪೂರಾ ತಿಂದೆ. ಅವತ್ತಿನ ರೊಟ್ಟಿಯಷ್ಟು ರುಚಿ ಮುಂದ ಯಾವತ್ತೂ ಹತ್ತಿಲ್ಲ ನೋಡವಾ." ತಾವು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲವೆಂದು ಇಲ್ಲಿ ಪ್ರಮಾಣೀಕರಿಸುತ್ತೇನೆ. ಅಷ್ಟಾದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ತಪ್ಪಾತು ಅಂತ ಬಾಯಿಲೆ ಹೇಳಬ್ಯಾಡ. ಸುಳ್ಳು ಎಲ್ಲಿ ಬರದೀಯೋ ಅಲ್ಲೇ ಖರೇ ಬರಿ. ಮತ್ತ ನನ್ನ ಹೆಸರು ಮಹೇಶ್ವರಿ ಅಲ್ಲ. ವಿರೂಪಾಕ್ಷಮ್ಮ ಅಂತನ ಬರಿ" ಎಂದು ಪುಸ್ತಕವನ್ನು ತಮ್ಮ ಕೈಯಿಂದ ಕಸಿದುಕೊಂಡು ಒಳಗೆ ಹೋದಳು. ನಮ್ಮನ್ನು ಊಟಕ್ಕೆ ಏಳಿಸಿದ್ದು ಮೊದಲ ಅಧ್ಯಾಯ ಓದಿ ಮುಗಿಸಿದ ಮೇಲೆಯೇ.

ಆ ದಿನದಿಂದ ನನ್ನ ಸ್ಥಿತಿ ಹೀಗಿದೆ. ಪ್ರತಿ ಶನಿವಾರ ಕುಷ್ಟಗಿಯಿಂದ ಯಲಬುರ್ಗಾದ ಬಸ್ಸು ಹತ್ತುತ್ತೇನೆ. ಅಕ್ಕ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಒಂದು ಉಪಮೆ ಹಾಕಿದರೆ "ಇದು ಯಾರ ಹೇಳಿದ್ರು ನಿನಗ?" ಎನ್ನುತ್ತಾಳೆ. ಅಂದು ಬಗಲಲ್ಲಿದ್ದ ಕೂಸು ಸುರೇಖಾ ಈಗ ಗಂಗಾವತಿಯಲ್ಲಿ ನರ್ಸು. ಅವಳು ದೂರವಾಣಿಯಲ್ಲಿಯೇ ತನ್ನ ಭಾಗದ ತಿದ್ದುಪಡಿಗಳನ್ನು ಕಳಿಸುತ್ತಿದ್ದಾಳೆ. ಗಾಯದ ಮೇಲೆ ಬರೆ ಎಳೆದಂತೆ, ತಮ್ಮ ಮುಂದಿನ ಚಹಾಕೂಟಕ್ಕೆ ಅಕ್ಕನನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದೀರಿ. ಇದ್ದ ಒಂದು ಕುರ್ಚಿ ಅವಳಿಗೆ, ನಾನು ಜಮಖಾನೆಯ ಮೇಲೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಎಂದು ತಿಳಿಸಿದ್ದೀರಿ. ಅಕ್ಕ ಹೊಸ ಚಪ್ಪಲಿ ಕೊಂಡಿದ್ದಾಳೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಲೇಖಕರನ್ನು ಕರೆಯುವ ಮೊದಲು ಅವರ ಪುಸ್ತಕವನ್ನು ಯಾರೂ ಓದಿಲ್ಲವೆಂಬ ದೃಢೀಕರಣ ಪತ್ರವನ್ನು ಬಳಗದವರಿಂದ ಪಡೆದು ಲಗತ್ತಿಸತಕ್ಕದ್ದು. ರಸ್ತೆ ಕೆಲಸ ಮಾಡಿದವರನ್ನೂ ಎಮ್ಮೆ ಕಟ್ಟಿದವರನ್ನೂ ಸಾಹಿತ್ಯ ಸಭೆಗಳಿಂದ ಕನಿಷ್ಠ ನೂರು ಹೆಜ್ಜೆ ದೂರ ಕೂರಿಸತಕ್ಕದ್ದು. ಇದೂ ಆಗದಿದ್ದರೆ, ಜಿಲ್ಲೆಯ ಎಲ್ಲ ಹಳ್ಳಗಳಿಗೂ ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಸೇತುವೆ ಕಟ್ಟಿಸಿಕೊಡಬೇಕೆಂದು ಹನುಮಣ್ಣನವರಿಗೆ ನನ್ನ ಪರವಾಗಿ ಕೇಳಿಕೊಳ್ಳತಕ್ಕದ್ದು.

ಇಷ್ಟೆಲ್ಲ ಮಾಡಿಸಿಕೊಂಡ ಮೇಲೂ, ಬೇರೆ ದಾರಿ ಕಾಣದೆ,
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಗೋವಿಂದರಾಜ
ಕುಷ್ಟಗಿ

ತಾ.ಕ.: ಅಕ್ಕನ ನಂತರದ ತಿಂಗಳು ಯಾರನ್ನು ಕರೆಯಬೇಕೆಂದು ಕೇಳಿದ್ದಿರಿ. ನಮ್ಮ ಕಚೇರಿಯ ನಿವೃತ್ತ ಮೇಲಧಿಕಾರಿಗಳೊಬ್ಬರು 'ಒಂದೂ ಸುಳ್ಳಿಲ್ಲದ ನನ್ನ ಬದುಕು' ಎಂಬ ನಾನೂರು ಪುಟದ ಆತ್ಮಚರಿತ್ರೆ ಬರೆದಿದ್ದಾರೆ. ಅವರನ್ನು ಒಪ್ಪಿಸಿದ್ದೇನೆ. ಬಳಗದ ಬಗ್ಗೆ ಬೇರೇನೂ ಹೇಳಿಲ್ಲ, ಬಹಳ ಪ್ರೀತಿಯ ಜನ, ಒಂದು ಕಪ್ಪು ಚಹಾ ಕುಡಿದು ಬರಬಹುದು ಎಂದಷ್ಟೇ ಹೇಳಿದ್ದೇನೆ. ಪುಸ್ತಕದ ಪ್ರತಿಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ದಪ್ಪಗಿದೆ, ಹದಿನಾಲ್ಕು ಪಾಲಾದರೂ ಮಾಡಬೇಕಾದೀತು.